ಎಳೆಯ ಮಕ್ಕಳ ಇಸುಬು

ಎಳೆಯ ಮಕ್ಕಳ ಇಸುಬು ಚರ್ಮವನ್ನು ಒಣಗಿಸಿ, ಉರಿಯೂತ ಎಬ್ಬಿಸಿ, ತಡೆಯಲಾರದಷ್ಟು ತುರಿಸುವ ಕಾಯಿಲೆ. ಕೆಲವು ವಾರ ತಣ್ಣಗಿದ್ದು ಮತ್ತೆ ಕೆರಳುವುದು, ಹೀಗೆ ವರ್ಷಗಟ್ಟಲೆ ಎಳೆಯುವುದು ಅದರ ಸ್ವಭಾವ. ವೈದ್ಯರು ಇದನ್ನು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಚೀಟಿಯಲ್ಲಿ ಎಕ್ಸಿಮಾ ಎಂದು ಬರೆಯುವುದೇ ಹೆಚ್ಚು. ಇದು ಅಂಟುರೋಗವಲ್ಲ. ಕೊಳಕಿನಿಂದ ಬರುವುದಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಎರಡು ಮೂರು ತಿಂಗಳ ಪ್ರಾಯದಿಂದ ಒಂದು ವರ್ಷದೊಳಗೆ ಶುರುವಾಗುತ್ತದೆ. ಪೂರ್ತಿ ಅಳಿಸಿಹಾಕುವ ಔಷಧ ಇಲ್ಲ, ಆದರೆ ಹತೋಟಿಯಲ್ಲಿಡುವ ದಾರಿಗಳು ಚೆನ್ನಾಗಿ ಗೊತ್ತಿವೆ. ನಮ್ಮಲ್ಲಿ ಮಕ್ಕಳು ಇದರಿಂದ ಬೇಕಾದ್ದಕ್ಕಿಂತ ಹೆಚ್ಚು ನರಳುವುದಕ್ಕೆ ಔಷಧದ ಕೊರತೆ ಕಾರಣವಲ್ಲ. ಒಂದು ಮನೆಯಲ್ಲಿ ಮುಲಾಮಿಗೆ ಹೆದರಿ ಹಚ್ಚದೇ ಬಿಡುತ್ತಾರೆ, ಇನ್ನೊಂದು ಮನೆಯಲ್ಲಿ ಯಾರನ್ನೂ ಕೇಳದೆ ಸಿಕ್ಕಿದ ಮುಲಾಮನ್ನು ತಿಂಗಳುಗಟ್ಟಲೆ ಬಳಿಯುತ್ತಾರೆ. ಎರಡೂ ಕಡೆ ಪೆಟ್ಟು ತಿನ್ನುವುದು ಕೂಸು.

ಅಟೋಪಿ ಎಂಬ ಪರಿಕಲ್ಪನೆಯನ್ನು 1923ರಲ್ಲಿ ಅಮೆರಿಕದ ಆರ್ಥರ್ ಕೋಕಾ ಮತ್ತು ರಾಬರ್ಟ್ ಕುಕ್ ಮುಂದಿಟ್ಟರು. ಉಬ್ಬಸ, ಹೂಪರಾಗದ ನೆಗಡಿಯಂಥ ಕಾಯಿಲೆಗಳು ಒಂದೇ ಮನೆತನದಲ್ಲಿ ಸಾಲಾಗಿ ಕಾಣುವುದನ್ನು ವಿವರಿಸಲು ಅವರಿಗೆ ಇದು ಬೇಕಾಗಿತ್ತು. ಫ್ರೆಡ್ ವೈಸ್ ಮತ್ತು ಮೇರಿಯನ್ ಸಲ್ಜ್‌ಬರ್ಗರ್ 1933ರಲ್ಲಿ ಇಸುಬನ್ನೂ ಆ ಗುಂಪಿಗೆ ಸೇರಿಸಿ ಇಂದಿನ ಹೆಸರನ್ನು ಕೊಟ್ಟರು. ಅದಕ್ಕೂ ಎಷ್ಟೋ ಹಿಂದೆ ಆಯುರ್ವೇದದ ಗ್ರಂಥಗಳು ವಿಚರ್ಚಿಕಾ ಎಂದು ಹೇಳಿದ, ತುರಿಸುವ, ಸೋರುವ ಚರ್ಮರೋಗವನ್ನು ಇಂದಿನ ವೈದ್ಯರು ಇಸುಬಿನೊಂದಿಗೆ ಗುರುತಿಸುತ್ತಾರೆ.

ಎಲ್ಲ ದೇಶಗಳಲ್ಲೂ ಇದು ಒಂದೇ ಪ್ರಮಾಣದಲ್ಲಿಲ್ಲ. ಐಸಾಕ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಮೂರನೆಯ ಹಂತದಲ್ಲಿ 60 ದೇಶಗಳ 6–7 ವರ್ಷದ ಮೂರೂಮುಕ್ಕಾಲು ಲಕ್ಷಕ್ಕೂ ಮಿಕ್ಕಿ ಮಕ್ಕಳ ವಿವರ ಸಂಗ್ರಹಿಸಲಾಯಿತು. ಅತಿ ಕಡಿಮೆ ಪ್ರಮಾಣ ಕಂಡದ್ದು ಭಾರತದ ಒಂದು ಕೇಂದ್ರದಲ್ಲಿ, ಶೇ. 0.9, ಅತಿ ಹೆಚ್ಚು ಎಕ್ವಡಾರ್‌ನಲ್ಲಿ, ಶೇ. 22.5. ಭಾರತದಲ್ಲಿ ಇಸುಬು ಕಡಿಮೆ ಎಂದು ಇದರಿಂದ ಸಮಾಧಾನಪಡುವಂತಿಲ್ಲ. ಕಂದು ಚರ್ಮದಲ್ಲಿ ಅದು ಹೇಗೆ ಕಾಣುತ್ತದೆ ಎಂದು ತಿಳಿಯದೆ ತಪ್ಪಿಹೋಗುವ ಮಕ್ಕಳೂ ಇದ್ದಾರೆ. ವಲಸೆಯಿಂದಲೂ ಲೆಕ್ಕ ಬದಲಾಗುತ್ತದೆ. ಲಂಡನ್ನಿನಲ್ಲಿ ಬೆಳೆಯುವ ಜಮೈಕಾ ಮೂಲದ ಮಕ್ಕಳಲ್ಲಿ ಇಸುಬು ಜಮೈಕಾದ ಮಕ್ಕಳಿಗಿಂತ ಬಹಳ ಹೆಚ್ಚು ಕಂಡುಬಂತು. ವಂಶವಾಹಿಯಷ್ಟೇ ಕಾರಣವಲ್ಲ, ಇರುವ ಊರೂ ಗಾಳಿಯೂ ಕೈಯಾಡಿಸುತ್ತವೆ ಎಂಬುದಕ್ಕೆ ಇದೊಂದು ಗಟ್ಟಿ ಸಾಕ್ಷಿ. ಬೆಂಗಳೂರು, ಮಂಗಳೂರಿನಿಂದ ಹೊರಟು ಚಳಿದೇಶದಲ್ಲಿ ನೆಲೆಸಿದ ಮನೆಗಳಲ್ಲಿ, ಹೀಟರಿನ ಒಣಗಾಳಿಗೆ ಮಗುವಿನ ಚರ್ಮ ಹಪ್ಪಳೆಯೇಳುವುದು ಹೊಸ ಸಂಗತಿಯೇನಲ್ಲ.

ಚರ್ಮದೊಳಗೆ ಆಗುವುದೇನು

ಚರ್ಮದ ಅತಿ ಮೇಲಿನ ಪದರವನ್ನು ಇಟ್ಟಿಗೆ ಗೋಡೆಯಂತೆ ಎಣಿಸಬಹುದು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿಕೊಂಡ ಸೆರಮೈಡ್ ಮೊದಲಾದ ಕೊಬ್ಬಿನ ಪದಾರ್ಥಗಳು ಗಾರೆ. ಒಳಗಿನ ನೀರು ಹೊರಗೆ ಆರಿಹೋಗದಂತೆ, ಹೊರಗಿನ ಕ್ರಿಮಿ, ಸೋಪು, ಧೂಳು ಒಳಗೆ ಇಳಿಯದಂತೆ ಈ ಪದರ ತಡೆಯುತ್ತದೆ. ಇಸುಬಿನ ಮಗುವಿಗೆ ಹುಟ್ಟಿನಿಂದಲೇ ಈ ತಡೆ ದುರ್ಬಲ. 2006ರಲ್ಲಿ ಸ್ಕಾಟ್‌ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಇರ್ವಿನ್ ಮೆಕ್‌ಲೀನ್ ಮತ್ತು ಡಬ್ಲಿನ್ನಿನ ಅಲನ್ ಇರ್ವಿನ್ ಅವರ ತಂಡ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬಿನ ಸಂಭವ ತುಂಬ ಹೆಚ್ಚುತ್ತದೆ ಎಂದು ತೋರಿಸಿತು. ಫಿಲಾಗ್ರಿನ್ ಈ ಪದರವನ್ನು ಬಿಗಿಯಾಗಿಡುತ್ತದೆ. ಅದು ಒಡೆದು ಹುಟ್ಟುವ ಅಂಶಗಳು ಚರ್ಮದಲ್ಲಿ ನೀರನ್ನು ಹಿಡಿದಿಡುತ್ತವೆ. ಯುರೋಪಿನ ಜನರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಇಂಥ ದೋಷವಿದೆ. ಏಷ್ಯಾದ ಜನರಲ್ಲಿ ಬೇರೆ ಬಗೆಯ ದೋಷಗಳು ಕಂಡಿವೆ. ಹೊರಗಿನಿಂದ ಇದರ ಸುಳಿವು ಸಿಗುವುದುಂಟು: ಮಗುವಿನ ಅಂಗೈ ತೆರೆದು ನೋಡಿದರೆ ವಯಸ್ಸಾದವರ ಅಂಗೈಯಂತೆ ಸಣ್ಣ ಗೆರೆಗಳು ಒತ್ತೊತ್ತಾಗಿ ತುಂಬಿರುತ್ತವೆ.

ಬಿರುಕಿನಿಂದ ಒಳನುಗ್ಗಿದ್ದಕ್ಕೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಎದುರೇಳುತ್ತದೆ. ಇಂಟರ್‌ಲ್ಯೂಕಿನ್ 4, 13, 31 ಎಂಬ ಸಂದೇಶವಾಹಕ ಪ್ರೋಟೀನುಗಳು ಉರಿಯೂತ ಹೆಚ್ಚಿಸುವುದಲ್ಲದೆ ನರತುದಿಗಳನ್ನು ಕೆರಳಿಸಿ ತುರಿಕೆ ಎಬ್ಬಿಸುತ್ತವೆ. ತುರಿಸಿಕೊಂಡರೆ ಚರ್ಮ ಇನ್ನಷ್ಟು ಕಿತ್ತುಬರುತ್ತದೆ, ಕಿತ್ತುಬಂದಷ್ಟೂ ತುರಿಕೆ ಹೆಚ್ಚುತ್ತದೆ. ಗಾಯದ ಮೇಲೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಬೀಡುಬಿಟ್ಟು ಮತ್ತೆ ಉರಿಯೂತಕ್ಕೆ ತುಪ್ಪ ಸುರಿಯುತ್ತದೆ. ಮುಂದೆ ಹೇಳುವ ಚಿಕಿತ್ಸೆಗಳೆಲ್ಲ ಈ ಚಕ್ರವನ್ನು ಎಲ್ಲಾದರೊಂದು ಕಡೆ ತುಂಡರಿಸುವ ಪ್ರಯತ್ನಗಳೇ.

ಗುರುತಿಸುವುದು

ಕೂಸಿನಲ್ಲಿ ಮೊದಲು ಕಾಣುವುದು ಕೆನ್ನೆ, ಹಣೆ, ನೆತ್ತಿಯ ಮೇಲೆ. ಕೆನ್ನೆ ಒರಟಾಗಿ, ಕೆಲವೊಮ್ಮೆ ನೀರಾಡಿ ಹಕ್ಕಳೆಗಟ್ಟುತ್ತದೆ. ಮೂಗಿನ ತುದಿ ಮಾತ್ರ ಸ್ವಚ್ಛವಾಗಿರುತ್ತದೆ. ಅಂಬೆಗಾಲಿಡುವ ಹೊತ್ತಿಗೆ ಮಂಡಿ, ಮೊಣಕೈಗಳ ಹೊರಬದಿಗೆ ಬರುತ್ತದೆ. ಡಯಾಪರ್ ಕಟ್ಟುವ ಜಾಗ ಸಾಮಾನ್ಯವಾಗಿ ಪಾರಾಗಿರುತ್ತದೆ. ಎರಡು ವರ್ಷ ದಾಟಿದ ಮೇಲೆ ಮಡಿಕೆಗಳಿಗೆ ಜಾಗ ಬದಲಿಸುತ್ತದೆ: ಮೊಣಕೈ ಒಳಗೆ, ಮಂಡಿಯ ಹಿಂದೆ, ಕತ್ತು, ಮಣಿಕಟ್ಟು, ಕಾಲಿನ ಗಿಣ್ಣು.

ಪಠ್ಯಪುಸ್ತಕಗಳ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು, ಅಲ್ಲಿ ಇಸುಬು ಎಂದರೆ ಕೆಂಪು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಆ ಕೆಂಪು ಬೂದು, ನೇರಳೆ ಅಥವಾ ಗಾಢ ಕಂದಾಗಿ ಕಾಣುತ್ತದೆ. ರೋಮದ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ಕೈಗೆ ಉಪ್ಪುಕಾಗದದಂತೆ ತಾಗುವುದೂ ಹೆಚ್ಚು. ಹೀಗಾಗಿ ಕಣ್ಣಿಗಿಂತ ಬೆರಳನ್ನು ನಂಬಬೇಕು. ಇಸುಬು ಮಾಸಿದ ಮೇಲೆ ಆ ಜಾಗ ಕೆಲವು ತಿಂಗಳು ಬಿಳಿಚಿರುತ್ತದೆ ಇಲ್ಲವೇ ಕಪ್ಪಾಗಿರುತ್ತದೆ. ಕೆನ್ನೆಯ ಮೇಲಿನ ಬಿಳಿ ಮಚ್ಚೆಗಳನ್ನು ಹೊಟ್ಟೆಹುಳದಿಂದ ಬಂದವೆಂದು, ಕ್ಯಾಲ್ಸಿಯಂ ಕಡಿಮೆಯೆಂದು ತಿಳಿದು ಔಷಧ ಕುಡಿಸುವವರಿದ್ದಾರೆ. ಅವು ಒಣಚರ್ಮದ, ಸೌಮ್ಯ ಉರಿಯೂತದ ಗುರುತುಗಳು ಮಾತ್ರ, ಕಾಲಕ್ಕೆ ತಾವೇ ತುಂಬಿಕೊಳ್ಳುತ್ತವೆ. ಹಚ್ಚಿದ ಮುಲಾಮೇ ಬಣ್ಣ ಕೆಡಿಸಿತು ಎಂಬ ದೂರು ಇನ್ನೂ ಸಾಮಾನ್ಯ. ಬಹಳ ಸಲ ಬಣ್ಣ ಕೆಡಿಸಿದ್ದು ಕಾಯಿಲೆಯೇ.

ರಕ್ತಪರೀಕ್ಷೆಯಿಂದ ಇಸುಬು ತೀರ್ಮಾನವಾಗುವುದಿಲ್ಲ. 1980ರಲ್ಲಿ ಹ್ಯಾನಿಫಿನ್ ಮತ್ತು ರಾಯ್ಕಾ ರೂಪಿಸಿದ ಲಕ್ಷಣಪಟ್ಟಿಯಾಗಲಿ, 1994ರ ಬ್ರಿಟನ್ನಿನ ಸರಳ ಪಟ್ಟಿಯಾಗಲಿ ನಿಂತಿರುವುದು ನೋಡುವುದರ ಮೇಲೆ, ಕೇಳುವುದರ ಮೇಲೆ. ತುರಿಕೆ ಇರಲೇಬೇಕು. ನೆತ್ತಿಯ ಮೇಲೆ ಹಳದಿ ಜಿಡ್ಡಿನ ಹೊಟ್ಟು ಮಾತ್ರ ಇದ್ದು ಮಗು ಹಾಯಾಗಿ ನಿದ್ದೆ ಮಾಡುತ್ತಿದ್ದರೆ ಅದು ಬೇರೆ, ತಾನೇ ಹೋಗುವಂಥದು. ಸೆಕೆಗೆ ಏಳುವ ಬೆವರುಸಾಲೆ ಬೇರೆ. ಉಂಗುರದಂತೆ ಅಂಚು ಬೆಳೆಯುತ್ತ ಹೋಗುವುದು ಹುಳುಕಡ್ಡಿ. ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ತಳ್ಳಿಹಾಕಬೇಕಾದ್ದು ಕಜ್ಜಿ. ಮನೆಯ ಇತರರಿಗೂ ರಾತ್ರಿ ಹೊತ್ತು ತುರಿಕೆಯಿದ್ದರೆ, ಕೂಸಿನ ಅಂಗೈ ಅಂಗಾಲುಗಳಲ್ಲೂ ಬೊಕ್ಕೆಗಳಿದ್ದರೆ ಅದು ಕಜ್ಜಿಯೇ ಇರಬಹುದು; ಅದರ ಮದ್ದು ಬೇರೆ, ಮನೆಮಂದಿಗೆಲ್ಲ ಒಟ್ಟಿಗೆ ಆಗಬೇಕು.

ಸ್ನಾನ

ಕರ್ನಾಟಕದ ಬಾಣಂತನದಲ್ಲಿ ಕೂಸಿನ ಸ್ನಾನವೇ ದಿನದ ದೊಡ್ಡ ಕೆಲಸ. ನೀರು ಹಾಕುವ ಹೆಂಗಸು ಬಚ್ಚಲಲ್ಲಿ ಮಣೆ ಹಾಕಿ ಕೂತು ಎರಡೂ ಕಾಲು ನೀಡುತ್ತಾಳೆ. ಮಗುವನ್ನು ಕಾಲ ಮೇಲೆ ಮೊದಲು ಅಂಗಾತ, ಆಮೇಲೆ ಬೋರಲು ಮಲಗಿಸಿ ಎಣ್ಣೆ ನೀವಿ, ಕಡಲೆಹಿಟ್ಟಿನಿಂದ ಜಿಡ್ಡು ಉಜ್ಜಿ, ಹಂಡೆಯ ಬಿಸಿನೀರನ್ನು ಚೊಂಬು ಚೊಂಬಾಗಿ ಹೊಯ್ಯುತ್ತಾಳೆ. ಮೈ ಕೆಂಪಗಾದರೆ ನೀರು ಹಿತವಾಯಿತು ಎಂದು ಲೆಕ್ಕ. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ತಲೆಗೆ ಹೊಗೆ ಕೊಟ್ಟು, ಪೌಡರು ಬಳಿದು, ಕುಲಾವಿ ಕಟ್ಟಿ, ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕುವುದು. ಮಗುವಿಗೆ ಸಿಗುವ ಆ ಸ್ಪರ್ಶ, ಆ ನೀವುವಿಕೆ ಬೆಲೆಕಟ್ಟಲಾರದ್ದು, ಅದನ್ನು ಬಿಡಿಸುವ ಅಗತ್ಯವೇನೂ ಇಲ್ಲ. ಇಸುಬಿನ ಮಗುವಿಗೆ ಬಿಡಬೇಕಾದ್ದು ಬಿಸಿ, ಉಜ್ಜುವಿಕೆ ಮತ್ತು ಹೊಗೆ. ಸುಡುನೀರು ಚರ್ಮದ ಕೊಬ್ಬನ್ನು ಕರಗಿಸಿ ತೆಗೆಯುತ್ತದೆ. ಕಡಲೆಹಿಟ್ಟು ಒಣಗಿದ ಚರ್ಮವನ್ನು ತರಚುತ್ತದೆ. ಹೊಗೆ ಚರ್ಮವನ್ನೂ ಉಸಿರಾಟವನ್ನೂ ಕೆರಳಿಸುತ್ತದೆ. ಅರಿಶಿನ, ಅರೆದ ಹಸಿ ಬೇವಿನೆಲೆ, ಆಂಟಿಸೆಪ್ಟಿಕ್ ದ್ರಾವಣ ಹಾಕಿದ ನೀರು ಇವೂ ಕಿತ್ತುಹೋದ ಚರ್ಮಕ್ಕೆ ಉರಿಯೇ. ಬೇವಿನೆಣ್ಣೆಯನ್ನಂತೂ ಕೂಸಿನ ಬಾಯಿಗೆ ಹಾಕಲೇಬಾರದು. ಫಿಟ್ಸ್ ಬಂದು ಪ್ರಾಣಕ್ಕೆ ಎರವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಮೊಣಕೈ ಅದ್ದಿದರೆ ಬಿಸಿ ಎನಿಸದಷ್ಟು ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ದಿನಕ್ಕೆ ಒಂದು ಸಲ ಸಾಕು. ಮಾಮೂಲಿ ಸೋಪು ಕ್ಷಾರೀಯ. ಅದರ ಬದಲು ಸೋಪಿಲ್ಲದ ಸೌಮ್ಯ ಕ್ಲೆನ್ಸರನ್ನು ಕಂಕುಳು, ತೊಡೆಸಂದಿಯಂಥ ಕಡೆಗಳಿಗೆ ಮಾತ್ರ ಹಚ್ಚಿದರಾಯಿತು. ಹಳೆಯ ಮೆತ್ತನೆ ಹತ್ತಿಬಟ್ಟೆಯಿಂದ ತಿಕ್ಕದೆ, ಒತ್ತಿ ಒತ್ತಿ ನೀರು ತೆಗೆದು, ಮೈ ಇನ್ನೂ ತೇವವಾಗಿರುವಾಗಲೇ ಕ್ರೀಮ್ ಹಚ್ಚಬೇಕು. ಮೂರು ನಿಮಿಷದೊಳಗೆ ಎಂದು ವೈದ್ಯರು ಹೇಳುತ್ತಾರೆ. ಸ್ನಾನದ ನಂತರ ಏನೂ ಹಚ್ಚದೆ ಬಿಟ್ಟರೆ ಚರ್ಮ ಮೊದಲಿಗಿಂತ ಒಣಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯಗಳಲ್ಲಿ ಬೋರ್‌ವೆಲ್ಲಿನ ಗಡುಸು ನೀರೇ ಗತಿ. ಗಡುಸು ನೀರಿರುವ ಕಡೆ ಕೂಸುಗಳಲ್ಲಿ ಇಸುಬು ಹೆಚ್ಚೆಂದು ಬ್ರಿಟನ್ನಿನ ಅಧ್ಯಯನಗಳು ಗುರುತಿಸಿವೆ. ಆದರೆ ಅಲ್ಲಿಯೇ ಇಸುಬಿನ 336 ಮಕ್ಕಳ ಮನೆಗಳಲ್ಲಿ ನೀರು ಮೆದುಗೊಳಿಸುವ ಯಂತ್ರದ ಪರೀಕ್ಷೆ ನಡೆಯಿತು. 2011ರಲ್ಲಿ ಬಂದ ಫಲಿತಾಂಶ, ಈಗಾಗಲೇ ಇರುವ ಇಸುಬಿಗೆ ಅದರಿಂದ ಹೆಚ್ಚುವರಿ ಗುಣವಿಲ್ಲ ಎಂದು. ಸಾವಿರಾರು ರೂಪಾಯಿ ಯಂತ್ರಕ್ಕೆ ಸುರಿಯುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳನ್ನು 482 ಮಕ್ಕಳ ಮೇಲೆ ಪರೀಕ್ಷಿಸಿದ 2018ರ ಪ್ರಯೋಗವೂ, ವಿಶೇಷ ರೇಷ್ಮೆ ಉಡುಪುಗಳನ್ನು 300 ಮಕ್ಕಳಿಗೆ ತೊಡಿಸಿದ 2017ರ ಪ್ರಯೋಗವೂ ಹೀಗೆಯೇ ಮುಗಿದವು. ಇಂಥ ಪ್ರಯೋಗಗಳ ಹಿಂದೆ ನಾಟಿಂಗ್‌ಹ್ಯಾಮಿನ ಹೈವೆಲ್ ವಿಲಿಯಮ್ಸ್ ಮತ್ತು ಜೊತೆಗಾರರ ಶ್ರಮ ದೊಡ್ಡದು. ಯಾವುದಕ್ಕೆ ಹಣ ಖರ್ಚು ಮಾಡಬೇಕಿಲ್ಲ ಎಂದು ಹೇಳುವುದೂ ಹೆತ್ತವರಿಗೆ ಮಾಡುವ ಉಪಕಾರ.

ಕ್ರೀಮು, ಎಣ್ಣೆ

ಮಾಯಿಶ್ಚರೈಸರ್ ಇಲ್ಲಿ ಸೌಂದರ್ಯಸಾಧನವಲ್ಲ, ಔಷಧ. ಚರ್ಮ ಚೆನ್ನಾಗಿರುವ ದಿನವೂ ದಿನಕ್ಕೆ ಎರಡು ಸಲವಾದರೂ ಮೈಪೂರ್ತಿ ಹಚ್ಚಬೇಕು. ಪ್ರಮಾಣದ ವಿಚಾರಕ್ಕೆ ಬಂದರೆ ನಮ್ಮಲ್ಲಿ ದೊಡ್ಡ ತಪ್ಪು ಅಂದಾಜಿದೆ. ಬ್ರಿಟನ್ನಿನ ಮಾರ್ಗಸೂಚಿ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಹೇಳುತ್ತದೆ. ಇಲ್ಲಿ ಒಂದು ಸಣ್ಣ ಟ್ಯೂಬನ್ನು ತಿಂಗಳಿಡೀ ಎಳೆಯುವ ಮನೆಗಳಿವೆ. ಬೆಲೆಯೇ ಅದಕ್ಕೆ ಕಾರಣ, ಹೆತ್ತವರ ಉದಾಸೀನವಲ್ಲ. ಹಾಗಿರುವಾಗ ದುಬಾರಿ ಕ್ರೀಮೇ ಬೇಕೆ? ಲೋಷನ್, ಕ್ರೀಮ್, ಜೆಲ್, ಮುಲಾಮು ಈ ನಾಲ್ಕು ಬಗೆಗಳನ್ನು 550 ಮಕ್ಕಳಲ್ಲಿ ಹೋಲಿಸಿದ ಬ್ರಿಸ್ಟಲ್‌ನ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರು ಬೇಸರಿಸದೆ ದಿನವೂ ಹಚ್ಚಲು ಒಪ್ಪುವ, ಕೈಗೆಟಕುವ, ಸುವಾಸನೆಯಿಲ್ಲದ ಯಾವುದಾದರೂ ಆದೀತು. ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗದ್ದು, ಬಹಳ ಪರಿಣಾಮಕಾರಿಯೂ ಹೌದು. ಕರಾವಳಿಯ ಸೆಕೆಯಲ್ಲಿ ಮಾತ್ರ ಬೆವರು ಕಟ್ಟಿ ತುರಿಕೆ ಹೆಚ್ಚಬಹುದು, ಅಲ್ಲಿಗೆ ತೆಳು ಲೋಷನ್ ಮೇಲು. ಕಲಬುರಗಿ, ವಿಜಯಪುರದ ಚಳಿಗಾಲದ ಒಣಹವೆಗೆ ದಪ್ಪ ಮುಲಾಮೇ ಸರಿ. ಒಂದು ಎಚ್ಚರ: ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ದೀಪ, ಒಲೆ, ಊದುಬತ್ತಿಯಿಂದ ದೂರವಿಡಬೇಕು.

ಕೊಬ್ಬರಿ ಎಣ್ಣೆಯ ಪರವಾಗಿ ಮಾತಾಡಲು ಅಜ್ಜಿಯರಿಗೆ ಈಗ ಒಂದು ಸಾಕ್ಷಿ ಸಿಕ್ಕಿದೆ. ಫಿಲಿಪ್ಪೀನ್ಸ್‌ನಲ್ಲಿ ಸೌಮ್ಯ ಮತ್ತು ಮಧ್ಯಮ ಇಸುಬಿನ 117 ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಯಿಸದೆ ತೆಗೆದ ಕೊಬ್ಬರಿ ಎಣ್ಣೆ ಖನಿಜತೈಲಕ್ಕಿಂತ ಹೆಚ್ಚು ಗುಣ ಕೊಟ್ಟಿತು. ಒಂದೇ ಪ್ರಯೋಗ, ಅದೂ ಚಿಕ್ಕದು ಎಂಬುದನ್ನು ಮರೆಯಬಾರದು. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆಲಿವ್ ಎಣ್ಣೆ ಚರ್ಮದ ತಡೆಯನ್ನು ಸಡಿಲಿಸುತ್ತದೆಂದು ಶೆಫೀಲ್ಡ್‌ನ 2013ರ ಅಧ್ಯಯನ ಹೇಳಿದೆ. ಆಮದಾದ ಸೀಸೆಯೆಂಬ ಕಾರಣಕ್ಕೆ ಅದನ್ನು ಕೂಸಿಗೆ ಹಚ್ಚುವುದು ವ್ಯರ್ಥ ಖರ್ಚು. ಶೇಂಗಾ ಎಣ್ಣೆ ಬೆರೆತ ಮುಲಾಮುಗಳನ್ನು ಉರಿಯೂತದ ಚರ್ಮಕ್ಕೆ ಹಚ್ಚಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚೆಂದು 2003ರಲ್ಲಿ ಬ್ರಿಟನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಕಂಡರು. ತಿನ್ನುವ ಪದಾರ್ಥವನ್ನು ಕಿತ್ತ ಚರ್ಮಕ್ಕೆ ಹಚ್ಚದಿರುವುದೇ ಕ್ಷೇಮ.

ಹುಟ್ಟಿದ ದಿನದಿಂದಲೇ ಹಚ್ಚುತ್ತ ಬಂದರೆ ಇಸುಬು ಬರುವುದೇ ಇಲ್ಲವೇ ಎಂಬುದನ್ನೂ ಪರೀಕ್ಷಿಸಿದ್ದಾರೆ. ಮನೆತನದಲ್ಲಿ ಅಲರ್ಜಿಯಿದ್ದ 1,394 ನವಜಾತ ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದ ಉತ್ತರ ನಿರಾಸೆಯದು: ಮುಂಚಿತವಾಗಿ ಹಚ್ಚಿದ್ದರಿಂದ ಇಸುಬು ತಪ್ಪಲಿಲ್ಲ. ಬಂದ ಮೇಲೆ ಹತೋಟಿಗೆ ಕ್ರೀಮ್ ಬೇಕೇ ಬೇಕು. ಬರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ.

ಸ್ಟಿರಾಯ್ಡ್ ಮುಲಾಮು

ಹೈಡ್ರೋಕಾರ್ಟಿಸೋನ್ ಚರ್ಮಕ್ಕೆ ಹಚ್ಚಿದರೆ ಉರಿಯೂತ ಇಳಿಯುತ್ತದೆಂದು ತೋರಿಸಿದವರು ಸಲ್ಜ್‌ಬರ್ಗರ್ ಮತ್ತು ವಿಟ್ಟನ್, 1952ರಲ್ಲಿ. ಹತ್ತೊಂಬತ್ತು ವರ್ಷ ಹಿಂದೆ ಕಾಯಿಲೆಗೆ ಹೆಸರಿಟ್ಟ ಅದೇ ಸಲ್ಜ್‌ಬರ್ಗರ್. ಅದಕ್ಕೆ ಮೊದಲು ಟಾರು, ಬ್ಯಾಂಡೇಜು, ಕೈಕಟ್ಟುವಿಕೆಯಷ್ಟೇ ಇದ್ದ ಕಾಯಿಲೆಗೆ ಅಂದಿನಿಂದ ನಿಜವಾದ ಮದ್ದು ಸಿಕ್ಕಿತು. ಈ ಮುಲಾಮುಗಳಲ್ಲಿ ಬಲದ ದರ್ಜೆಗಳಿವೆ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗೊಂದಲ. ಕೂಸಿನ ಮುಖಕ್ಕೆ ಶೇ. 1ರ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯವಾದದ್ದು. ಮೈ, ಕೈಕಾಲುಗಳ ದಪ್ಪಗಟ್ಟಿದ ಇಸುಬಿಗೆ ಕೆಲವು ದಿನ ಅದಕ್ಕಿಂತ ಬಲವಾದದ್ದು. ಕ್ಲೋಬೆಟಾಸಾಲ್‌ನಂಥ ಅತಿಬಲದ್ದು ಕೂಸಿಗೆ ಸಲ್ಲದು. ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು, ಆದ್ದರಿಂದ ಔಷಧ ರಕ್ತಕ್ಕೆ ಇಳಿಯುವುದೂ ಹೆಚ್ಚು. ಡಯಾಪರಿನ ಕೆಳಗೆ ಇನ್ನೂ ಹೆಚ್ಚು.

ಎಷ್ಟು ಹಚ್ಚಬೇಕು ಎಂಬುದಕ್ಕೆ ಬೆರಳತುದಿಯ ಅಳತೆಯಿದೆ. ದೊಡ್ಡವರ ತೋರುಬೆರಳಿನ ಮೊದಲ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದ ಎಳೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಮೂರರಿಂದ ಆರು ತಿಂಗಳ ಕೂಸಿನ ಮುಖಕ್ಕೂ ಕತ್ತಿಗೂ ಸೇರಿ ಒಂದು ಅಳತೆ, ಒಂದು ಕೈಗೆ ಒಂದು, ಒಂದು ಕಾಲಿಗೆ ಒಂದೂವರೆ. ದಿನಕ್ಕೆ ಒಂದೇ ಸಲ, ಇಸುಬು ಇರುವ ಜಾಗಕ್ಕೆ ಮಾತ್ರ. ಮಾಯಿಶ್ಚರೈಸರ್‌ಗೂ ಇದಕ್ಕೂ ನಡುವೆ ಸ್ವಲ್ಪ ಹೊತ್ತು ಬಿಡಬೇಕು; ಯಾವುದು ಮೊದಲು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ಕೈಯಿಂದ ಸವರಿದರೆ ಒರಟು ತಾಗದಷ್ಟು ನಯವಾಗುವವರೆಗೆ ಹಚ್ಚಿ ನಿಲ್ಲಿಸುವುದು ಸರಿಯಾದ ಕ್ರಮ. ಎರಡು ದಿನಕ್ಕೆ ಸ್ವಲ್ಪ ಕಡಿಮೆಯಾಯಿತೆಂದು ನಿಲ್ಲಿಸಿದರೆ ವಾರದಲ್ಲಿ ಮತ್ತೆ ಎದ್ದೇಳುತ್ತದೆ, ಒಟ್ಟು ಲೆಕ್ಕಕ್ಕೆ ಹೆಚ್ಚು ಔಷಧ ಖರ್ಚಾಗುತ್ತದೆ. ಪದೇ ಪದೇ ಒಂದೇ ಜಾಗದಲ್ಲಿ ಕೆರಳುವ ಮಕ್ಕಳಿಗೆ ಚರ್ಮ ಚೆನ್ನಾಗಿರುವಾಗಲೂ ವಾರಕ್ಕೆ ಎರಡು ದಿನ ಅಲ್ಲಿಗೆ ಹಚ್ಚಿಸುವ ಪದ್ಧತಿಯನ್ನು ವೈದ್ಯರು ಅನುಸರಿಸುತ್ತಾರೆ. ಹೀಗೆ ಕಣ್ಗಾವಲಿನಲ್ಲಿ ಬಳಸಿದಾಗ ಚರ್ಮ ತೆಳುವಾಗುವುದು, ಬೆಳವಣಿಗೆ ಕುಂಠಿಸುವುದು ಮುಂತಾದ ತೊಂದರೆ ಅಪರೂಪ.

ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ. ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳು ದೇಶದ ತುಂಬ ಚೀಟಿಯಿಲ್ಲದೆ ಮಾರಾಟವಾಗುತ್ತವೆ. ಹುಳುಕಡ್ಡಿಗೂ ಇಸುಬಿಗೂ ಬಿಳುಪಾಗಲಿಕ್ಕೂ ಒಂದೇ ಟ್ಯೂಬು ಎಂದು ಬಳಿದುಕೊಂಡು ಮುಖದ ಚರ್ಮ ಕೆಡಿಸಿಕೊಂಡವರನ್ನು ಚರ್ಮವೈದ್ಯರು ದಿನಾ ನೋಡುತ್ತಾರೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ಕಾರ್ಯಪಡೆಯನ್ನೇ ಕಟ್ಟಿ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟಿರಾಯ್ಡ್‌ಗಳನ್ನು ಔಷಧ ನಿಯಮಗಳ ಎಚ್ ಅನುಸೂಚಿಗೆ ಸೇರಿಸಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಕಾನೂನು ಕಾಗದದ ಮೇಲಿದೆ, ಕೌಂಟರಿನ ಮೇಲೆ ಇನ್ನೂ ಪೂರ್ತಿ ಇಳಿದಿಲ್ಲ. ‘ಸ್ಟಿರಾಯ್ಡ್ ಇಲ್ಲದ ಗಿಡಮೂಲಿಕೆ’ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: 1999ರಲ್ಲಿ ಲಂಡನ್ನಿನಲ್ಲಿ ಹನ್ನೊಂದು ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅಡಗಿತ್ತು. ನಾಲ್ಕೇ ದಿನದಲ್ಲಿ ಪವಾಡದಂತೆ ವಾಸಿಮಾಡುವ, ಮೇಲೆ ಏನಿದೆಯೆಂದು ಬರೆಯದ ಡಬ್ಬಿಯನ್ನು ಮಗುವಿನ ಮುಖಕ್ಕೆ ಒಯ್ಯಬಾರದು.

ಮೇಲೆ ಹಚ್ಚಿದರೆ ಇಸುಬು ಒಳಗೆ ಹೋಗಿ ದಮ್ಮಾಗುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಇಸುಬಿದ್ದ ಮಕ್ಕಳಲ್ಲಿ ಕೆಲವರಿಗೆ ಮುಂದೆ ಉಬ್ಬಸ, ನೆಗಡಿ ಬರುವುದು ನಿಜ. ಅವು ಒಂದೇ ಬೇರಿನ ಕಾಯಿಲೆಗಳು. ಚಿಕಿತ್ಸೆಯಿಂದ ಬರುವುದಲ್ಲ. ತದ್ವಿರುದ್ಧವಾಗಿ, ಜಪಾನಿನಲ್ಲಿ 7ರಿಂದ 13 ವಾರದ 650 ಕೂಸುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಸುಬನ್ನು ಸ್ಟಿರಾಯ್ಡ್ ಮುಲಾಮಿನಿಂದ ಬೇಗ, ಗಟ್ಟಿಯಾಗಿ ಹತೋಟಿಗೆ ತಂದ ಗುಂಪಿನಲ್ಲಿ ಮೊಟ್ಟೆಯ ಅಲರ್ಜಿ ಶೇ. 31.4 ಇದ್ದರೆ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 41.9 ಇತ್ತು. ಆ ತೀವ್ರ ಕ್ರಮದಲ್ಲಿ ಕೂಸುಗಳ ತೂಕ, ಎತ್ತರ ತುಸು ಕಡಿಮೆಯಾದದ್ದನ್ನೂ ಅದೇ ಸಂಶೋಧಕರು ದಾಖಲಿಸಿದ್ದಾರೆ, ಆದ್ದರಿಂದ ಇದು ಮನೆಯಲ್ಲಿ ಅನುಕರಿಸುವ ಕ್ರಮವಲ್ಲ.

ಬೇರೆ ಔಷಧಗಳು

ಮುಖ, ರೆಪ್ಪೆ, ಕತ್ತಿನಂಥ ತೆಳು ಚರ್ಮಕ್ಕೆ ಟ್ಯಾಕ್ರೊಲಿಮಸ್ ಮುಲಾಮು ಉಪಯುಕ್ತ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಜೀವಾಣುವಿನಿಂದ ಸಿಕ್ಕ ಔಷಧ ಇದು. ಎರಡು ವರ್ಷ ದಾಟಿದವರಿಗೆ ಶೇ. 0.03ರದ್ದನ್ನು ಕೊಡುತ್ತಾರೆ. ಚರ್ಮ ತೆಳುಮಾಡದು, ಆದರೆ ಮೊದಲ ಕೆಲವು ದಿನ ಉರಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ತಾಯಂದಿರು ಎರಡನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ. ಕ್ಯಾನ್ಸರಿನ ಶಂಕೆಯಿಂದ ಅಮೆರಿಕ 2006ರಲ್ಲಿ ಎಚ್ಚರಿಕೆಯ ಚೌಕಟ್ಟು ಹಾಕಿತ್ತು. ಸುಮಾರು 8,000 ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ 2020ರಲ್ಲಿ ಬಂದ ವರದಿ ಆ ಶಂಕೆಗೆ ಆಧಾರ ಕಾಣಲಿಲ್ಲ. ತುಂಬ ಕೆರಳಿದಾಗ ಮುಲಾಮಿನ ಮೇಲೆ ಒದ್ದೆ ಹತ್ತಿಬಟ್ಟೆ, ಅದರ ಮೇಲೆ ಒಣಬಟ್ಟೆ ಸುತ್ತುವ ಕ್ರಮ ತುರಿಕೆಯನ್ನು ಬೇಗ ತಣಿಸುತ್ತದೆ. ಔಷಧ ಹೀರುವುದನ್ನೂ ಹೆಚ್ಚಿಸುವುದರಿಂದ ವೈದ್ಯರು ತೋರಿಸಿಕೊಟ್ಟ ಮೇಲೆಯೇ ಮಾಡತಕ್ಕದ್ದು. ಅಲರ್ಜಿಯ ಸಿರಪ್ಪುಗಳು ಇಸುಬಿನ ತುರಿಕೆಗೆ ಹೆಚ್ಚು ಉಪಯೋಗಕ್ಕೆ ಬಾರವು. ನುಂಗುವ ಸ್ಟಿರಾಯ್ಡ್ ತಕ್ಷಣ ಇಳಿಸಿ, ನಿಲ್ಲಿಸಿದ ಮೇಲೆ ಎರಡರಷ್ಟು ಕೆರಳಿಸುವುದುಂಟು. ತೀವ್ರವಾದವರಿಗೆ ಸೈಕ್ಲೋಸ್ಪೊರಿನ್, ಮೆಥೋಟ್ರೆಕ್ಸೇಟ್ ಇವೆ. ಇಂಟರ್‌ಲ್ಯೂಕಿನ್ 4 ಮತ್ತು 13ರ ದಾರಿಯನ್ನೇ ಕಟ್ಟುವ ಡ್ಯುಪಿಲುಮ್ಯಾಬ್ ಚುಚ್ಚುಮದ್ದಿಗೆ 2022ರಲ್ಲಿ ಅಮೆರಿಕ ಆರು ತಿಂಗಳ ಕೂಸಿನಿಂದಲೇ ಅನುಮತಿ ಕೊಟ್ಟಿತು. ಬಹಳ ನರಳಿದ ಮಕ್ಕಳಿಗೆ ಇದು ಹೊಸ ಬದುಕು, ಬೆಲೆ ಮಾತ್ರ ಸಾಮಾನ್ಯ ಮನೆಗೆ ನಿಲುಕದ್ದು.

ಊಟ, ನಂಜು

ಇಸುಬು ಕಂಡ ಕೂಡಲೇ ಬಾಣಂತಿಯ ತಟ್ಟೆಯ ಮೇಲೆ ಕಣ್ಣು ಬೀಳುತ್ತದೆ. ಬದನೆಕಾಯಿ ನಂಜು, ಶೇಂಗಾ ನಂಜು, ಮೀನು ನಂಜು ಎಂದು ಒಂದೊಂದೇ ಕಳಚುತ್ತ ಕೊನೆಗೆ ಅನ್ನ, ಸಾರಿನಲ್ಲಿ ನಿಲ್ಲಿಸುತ್ತಾರೆ. ಹಾಲೂಡುವ ತಾಯಿ ಹೀಗೆ ಅರೆಹೊಟ್ಟೆ ಉಂಡರೆ ಮಗುವಿನ ಇಸುಬು ಹೋಗುವುದೆಂಬುದಕ್ಕೆ ಆಧಾರವಿಲ್ಲ, ಅವಳ ಮೈ ಮಾತ್ರ ಸೊರಗುತ್ತದೆ. ಎದೆಹಾಲು ನಿಲ್ಲಿಸುವುದಂತೂ ಬೇಡವೇ ಬೇಡ. ಮಧ್ಯಮ ಇಲ್ಲವೇ ತೀವ್ರ ಇಸುಬಿನ ಕೂಸುಗಳಲ್ಲಿ ಕೆಲವರಿಗೆ ಮೊಟ್ಟೆ, ಹಾಲು, ಶೇಂಗಾದ ಅಲರ್ಜಿ ನಿಜಕ್ಕೂ ಜೊತೆಗಿರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ತುಟಿ ಊತ, ವಾಂತಿಯಾದರೆ ವೈದ್ಯರಿಗೆ ತೋರಿಸಬೇಕು. ನೂರಾರು ಪದಾರ್ಥಗಳ ಅಲರ್ಜಿ ರಕ್ತಪರೀಕ್ಷೆಯನ್ನು ಸುಮ್ಮನೆ ಮಾಡಿಸಿದರೆ ಸುಳ್ಳು ಗುರುತುಗಳೇ ತುಂಬಿ ಬರುತ್ತವೆ. ಅದನ್ನು ನಂಬಿ ಹಾಲು, ಗೋಧಿ, ಬೇಳೆ ಎಲ್ಲ ನಿಲ್ಲಿಸಿದ ಮಗು ಇಸುಬಿನ ಜೊತೆಗೆ ಅಪೌಷ್ಟಿಕತೆಗೂ ಸಿಕ್ಕಿಕೊಳ್ಳುತ್ತದೆ.

ಗಿಡಿಯನ್ ಲ್ಯಾಕ್ ಅವರ 2015ರ ಪ್ರಯೋಗ ಹಳೆಯ ಸಲಹೆಯನ್ನೇ ತಿರುಗಿಸಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿಯಿದ್ದ, 4ರಿಂದ 11 ತಿಂಗಳ 640 ಕೂಸುಗಳಲ್ಲಿ ಬೇಗನೆ ಶೇಂಗಾ ತಿನ್ನಿಸಲು ಶುರುಮಾಡಿದವರಿಗೆ ಮುಂದೆ ಶೇಂಗಾ ಅಲರ್ಜಿ ತೀರ ಕಡಿಮೆಯಾಯಿತು. ರಾಗಿಸರಿ ಶುರುವಾಗುವ ಆರು ತಿಂಗಳ ಹೊತ್ತಿಗೆ ನುಣ್ಣಗೆ ಅರೆದ ಶೇಂಗಾ, ಬೆಂದ ಮೊಟ್ಟೆಯೂ ತಟ್ಟೆಗೆ ಬರಬಹುದು. ಇಸುಬು ತೀವ್ರವಿದ್ದರೆ ವೈದ್ಯರನ್ನು ಕೇಳಿ ಶುರುಮಾಡಬೇಕು. ಇಡೀ ಕಾಳು ಕೊಡಬಾರದು, ಗಂಟಲಿಗೆ ಸಿಕ್ಕೀತು.

ಸೋಂಕು ಮತ್ತು ತುರ್ತು

ಇಸುಬಿನ ಮೇಲೆ ಜೇನಿನ ಬಣ್ಣದ ಹಕ್ಕಳೆ, ಕೀವು, ನೋವು ಕಂಡರೆ ಬ್ಯಾಕ್ಟೀರಿಯಾದ ಸೋಂಕು. ಆಂಟಿಬಯೋಟಿಕ್ ಬೇಕಾಗಬಹುದು, ಇಸುಬಿನ ಮುಲಾಮನ್ನು ನಿಲ್ಲಿಸಬೇಕಿಲ್ಲ. ಇದಕ್ಕಿಂತ ಅಪಾಯದ್ದು ಹರ್ಪಿಸ್ ವೈರಸ್ಸಿನ ಸೋಂಕು, 1887ರಲ್ಲಿ ವಿಯೆನ್ನಾದ ಕಪೋಸಿ ವಿವರಿಸಿದ್ದು. ಒಂದೇ ಅಳತೆಯ, ಅಚ್ಚಿನಿಂದ ಕೊರೆದಂಥ ಸಣ್ಣ ಹುಣ್ಣುಗಳು ಗುಂಪುಗುಂಪಾಗಿ ಎದ್ದು, ಜ್ವರ ಬಂದು, ಮಗು ಸಪ್ಪಗಾಗುತ್ತದೆ. ಕಣ್ಣಿನ ಸುತ್ತ ಬಂದರೆ ದೃಷ್ಟಿಗೇ ಅಪಾಯ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ದು ಅಸೈಕ್ಲೋವಿರ್ ಶುರುಮಾಡಿಸಬೇಕು. ತುಟಿಯ ಅಂಚಿನಲ್ಲಿ ಬೊಕ್ಕೆಯೆದ್ದ ದೊಡ್ಡವರು ಇಸುಬಿನ ಕೂಸನ್ನು ಮುದ್ದಿಡಬಾರದೆನ್ನುವುದು ಇದಕ್ಕೇ. ಮಾಮೂಲಿ ಲಸಿಕೆಗಳನ್ನು ಇಸುಬಿನ ಕಾರಣಕ್ಕೆ ತಪ್ಪಿಸುವ ಅಗತ್ಯವಿಲ್ಲ.

ರಾತ್ರಿ, ಮತ್ತು ಮುಂದೆ

ತುರಿಕೆ ಹೆಚ್ಚುವುದು ರಾತ್ರಿ. ಮಗು ನಿದ್ದೆಯಲ್ಲೇ ಕೆನ್ನೆಯನ್ನು ತಾಯಿಯ ಹೆಗಲಿಗೆ, ಕಾಲನ್ನು ಹಾಸಿಗೆಗೆ ಉಜ್ಜುತ್ತದೆ. ಬೆಳಗ್ಗೆ ಹಾಸಿನ ಮೇಲೆ ರಕ್ತದ ಚುಕ್ಕೆಗಳು. ಉಗುರು ವಾರಕ್ಕೆರಡು ಸಲ ಕತ್ತರಿಸಿ ಅಂಚು ನಯಗೊಳಿಸುವುದು, ಕೈಗೆ ತೆಳು ಹತ್ತಿಚೀಲ ಹಾಕುವುದು, ಉಣ್ಣೆಯ ಸ್ವೆಟರನ್ನು ನೇರ ಮೈಗೆ ತಾಗಿಸದಿರುವುದು, ಕೌದಿ ಹೊದಿಸಿ ಬೆವರಿಸದಿರುವುದು ಸಣ್ಣ ಕೆಲಸಗಳಾದರೂ ಒಂದು ರಾತ್ರಿಯ ನಿದ್ದೆ ಉಳಿಸುತ್ತವೆ. ತೀವ್ರ ಮತ್ತು ಮಧ್ಯಮ ಇಸುಬಿನ ಮಗುವಿರುವ ಮನೆಯ ಮೇಲೆ ಬೀಳುವ ಹೊರೆ ಇನ್ಸುಲಿನ್ ಬೇಕಾಗುವ ಮಧುಮೇಹದ ಮಗುವಿನ ಮನೆಯದಕ್ಕಿಂತ ಹೆಚ್ಚೆಂದು ಆಸ್ಟ್ರೇಲಿಯದ 1997ರ ಅಧ್ಯಯನವೊಂದು ಕಂಡುಕೊಂಡಿತು. ‘ಬರೀ ತುರಿಕೆ ತಾನೆ’ ಎನ್ನುವ ನೆಂಟರಿಗೆ ಇದನ್ನು ಓದಿಸಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಚರ್ಮರೋಗಕ್ಕೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಚರ್ಮವಿಭಾಗಗಳಲ್ಲೂ ಚಿಕಿತ್ಸೆ ಸಿಗುತ್ತದೆ.

ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇಸುಬು ಹೋಗುತ್ತದೆ ಇಲ್ಲವೇ ಬಹಳ ಹಗುರವಾಗುತ್ತದೆ. ಬೇಗ ಶುರುವಾಗಿ ತೀವ್ರವಾಗಿದ್ದವರಲ್ಲಿ, ಅಪ್ಪ ಅಮ್ಮ ಇಬ್ಬರಿಗೂ ಅಲರ್ಜಿಯಿರುವವರಲ್ಲಿ ಉಳಿಯುವ ಸಂಭವ ಹೆಚ್ಚು. ಮಾಸಿದ ಮೇಲೂ ಚರ್ಮದ ಒಣಸ್ವಭಾವ ಬಿಡುವುದಿಲ್ಲ. ಕೈಯನ್ನು ಪದೇ ಪದೇ ನೀರಿಗೆ, ಸೋಪಿಗೆ, ಸಿಮೆಂಟಿಗೆ ಒಡ್ಡುವ ಕೆಲಸಗಳಲ್ಲಿ, ಅಂದರೆ ನರ್ಸಿಂಗ್, ಅಡುಗೆ, ಕ್ಷೌರ, ಗಾರೆ ಕೆಲಸಗಳಲ್ಲಿ, ಬಾಲ್ಯದಲ್ಲಿ ಇಸುಬಿದ್ದವರಿಗೆ ಕೈ ಇಸುಬು ಬರುವುದು ಇತರರಿಗಿಂತ ಹೆಚ್ಚು. ಉದ್ಯೋಗ ಆರಿಸುವ ವಯಸ್ಸಿನಲ್ಲಿ ವೈದ್ಯರು ಈ ವಿಷಯವನ್ನು ಎತ್ತುತ್ತಾರೆ.